ಅಣ್ಣಂದಿರ ಸ್ವಾಗತ, ತಮ್ಮನ ತಲೆನೋವು

ಹುಡುಗನನ್ನು ಮಂಜುನಾಥ ಎಂದು ಕರೆಯೋಣ. ಹೆಸರು, ಓಣಿ, ಮನೆಯವರ ಕಸುಬು ಎಲ್ಲವನ್ನೂ ಬದಲಾಯಿಸಿದ್ದೇನೆ. ಬರೆಯಲು ಅವನೂ ಅವನ ತಾಯಿಯೂ ಒಪ್ಪಿದ್ದಾರೆ. 16 ವರ್ಷ, ಬಳ್ಳಾರಿಯಲ್ಲಿ ಪ್ರಥಮ ಪಿಯುಸಿ, ವಾಣಿಜ್ಯ ವಿಭಾಗ. ತಾಯಿ ಕೌಲ್ ಬಜಾರಿನ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ದುಡಿಯುತ್ತಾರೆ, ತಂದೆ ಸಂಡೂರಿನ ಕಡೆ ಅದಿರು ಲಾರಿ ಓಡಿಸುತ್ತಾರೆ. ಆಪ್ತಸಲಹೆಗೆಂದು ನನ್ನ ಬಳಿ ಕಳಿಸಿದವರು ಕಾಲೇಜಿನ ಉಪನ್ಯಾಸಕರು. ಚೀಟಿಯಲ್ಲಿ ಇದ್ದದ್ದು ಇಷ್ಟೇ: ಗಮನವಿಲ್ಲ, ಸಿಟ್ಟು ಹೆಚ್ಚು, ಚಟದ ಅನುಮಾನ.

ಅಷ್ಟರೊಳಗೆ ತಾಯಿ ತಮಗೆ ತೋಚಿದ್ದನ್ನೆಲ್ಲ ಮಾಡಿ ಮುಗಿಸಿದ್ದರು. ದೃಷ್ಟಿ ತೆಗೆದಿದ್ದರು, ದುರ್ಗಮ್ಮನ ಗುಡಿಯಿಂದ ದಾರ ತಂದು ಕಟ್ಟಿದ್ದರು, ಮಗ ಮಲಗಿದ ಮೇಲೆ ಅವನ ಚೀಲ ತಡಕಿ ಗಾಂಜಾ ಹುಡುಕಿದ್ದರು. ಸಿಕ್ಕಿದ್ದು ತಲೆನೋವಿನ ಮಾತ್ರೆಗಳ ಖಾಲಿ ಪಟ್ಟಿಗಳು. ಅವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು. "ಮೊದಲಿನ ಹಾಗಿಲ್ಲ ಮೇಡಂ. ತಂಗಿ ಟಿವಿ ಹಾಕಿದರೆ ಹೊಡೆಯಲು ಹೋಗುತ್ತಾನೆ."

ಹುಡುಗ ಒಳಗೆ ಬಂದು ಕುಳಿತವನೇ ಟ್ಯೂಬ್‌ಲೈಟ್ ಆರಿಸಬಹುದೇ ಎಂದು ಕೇಳಿದ. ಬೆಳಕು ಚುಚ್ಚುತ್ತದೆ ಎಂದ. ಎರಡೂ ಮೊಣಕೈಗಳಲ್ಲಿ ತರಚಿ ಒಣಗಿದ ಗಾಯ. ಕಬಡ್ಡಿ ಆಡುತ್ತೀಯಾ ಎಂದು ಕೇಳಿದೆ. "ಹೈಸ್ಕೂಲಿನಲ್ಲಿ ಆಡುತ್ತಿದ್ದೆ. ಈಗ ರಗ್ಬಿ."

ಬಳ್ಳಾರಿಯಲ್ಲಿ ರಗ್ಬಿಯೇ ಎಂದು ಹುಬ್ಬೇರಿಸುವವರು ಬೆಳಗಿನ ಹೊತ್ತು ಮೈದಾನಗಳ ಕಡೆ ಹೋಗದವರು. ಏಳೇಳು ಜನ ಆಡುವ ರಗ್ಬಿ ಸೆವೆನ್ಸ್ 2016ರಲ್ಲಿ ರಿಯೊ ಒಲಿಂಪಿಕ್ಸ್ ಸೇರಿತು. 2025ರಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಇತ್ತು. ಕಬಡ್ಡಿಯಲ್ಲಿ ಪಳಗಿದ ಹುಡುಗರಿಗೆ ಹಿಡಿಯುವುದು, ಕೆಡವುವುದು ಹೊಸತಲ್ಲ. ಜೊತೆಗೆ ಇಲ್ಲಿ ಪೈಪೋಟಿ ಕಡಿಮೆ, ರಾಜ್ಯ ತಂಡದ ಪ್ರಮಾಣಪತ್ರ ಬೇಗ ಕೈಗೆ ಬಂದೀತು, ಮುಂದೆ ಪೊಲೀಸ್ ನೇಮಕಾತಿಗೆ ನೆರವಾದೀತು ಎಂಬ ಆಸೆ. ಮಂಜುನಾಥನ ತಂದೆಗಂತೂ ಅದೇ ಕನಸು.

ಆ ದಿನ ನಾನು ಅವನ ಮನಸ್ಸಿನ ತಂಟೆಗೇ ಹೋಗಲಿಲ್ಲ. ಚೆಂಡಾಟದಲ್ಲಿ ತಲೆಗೆ ಪೆಟ್ಟಾಗಿತ್ತೇ ಎಂದು ಮಾತ್ರ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇರೆ ಜಿಲ್ಲೆಯಲ್ಲಿ ಟೂರ್ನಿ ಇತ್ತು, ಅಲ್ಲಿ ಎರಡು ಸಲ ಬಿತ್ತು ಎಂದ. ಎರಡನೆಯದು ಪಂದ್ಯದಲ್ಲಿ. ಮೊದಲನೆಯದು? "ಅದು ಹಿಂದಿನ ರಾತ್ರಿ. ಸುಮ್ಮನೆ." ಅಲ್ಲಿಗೇ ನಿಲ್ಲಿಸಿ ತಾಯಿಯನ್ನು ಒಳಗೆ ಕರೆದು, ಮೊದಲು ವೈದ್ಯರ ಬಳಿ ಹೋಗಿ, ಮಿಕ್ಕಿದ್ದು ಆಮೇಲೆ ಎಂದೆ. ಬೆಳಕು ಸಹಿಸದ, ಲೆಡ್ಜರಿನ ಸಾಲು ಮರೆಯುವ, ಕಾರಣವಿಲ್ಲದೆ ರೇಗುವ ಹುಡುಗನಿಗೆ ಆಪ್ತಸಲಹೆ ಎರಡನೆಯ ಮದ್ದು.

ಸಿಟಿ ಸ್ಕ್ಯಾನ್ ಸಹಜ ಎಂದು ಬಂತು. ತಾಯಿ ಕೈಮುಗಿದರು, ತಂದೆ ಫೋನಿನಲ್ಲೇ "ಹಾಗಾದರೆ ನಾಳೆಯಿಂದ ಪ್ರಾಕ್ಟೀಸಿಗೆ ಹೋಗಲಿ" ಎಂದರು. ಈ ತಪ್ಪು ತಿಳಿವಳಿಕೆ ಓದಿದವರ ಮನೆಗಳಲ್ಲೂ ಇದೆ. ಸ್ಕ್ಯಾನ್ ತೋರಿಸುವುದು ರಕ್ತಸ್ರಾವ, ಮೂಳೆ ಬಿರುಕು ಮುಂತಾದವನ್ನು. ಮಿದುಳು ಅದುರಿದ ಪೆಟ್ಟು, ಅಂದರೆ ಕನ್ಕಶನ್, ಸಾಮಾನ್ಯವಾಗಿ ಚಿತ್ರದಲ್ಲಿ ಕಾಣುವುದೇ ಇಲ್ಲ. ಅದನ್ನು ಗುರುತಿಸುವುದು ಲಕ್ಷಣಗಳಿಂದ, ಮತ್ತು ಲಕ್ಷಣಗಳನ್ನು ಹೇಳಬೇಕಾದವನು ಆಟಗಾರನೇ. ಅವನು ಬಾಯಿ ಬಿಡದಿದ್ದರೆ ಯಾವ ಯಂತ್ರವೂ ಹೇಳುವುದಿಲ್ಲ. ವೈದ್ಯರು ಕನ್ಕಶನ್ ಎಂದೇ ಬರೆದರು. ಮೊದಲ ಪೆಟ್ಟು ಮಾಯುವ ಮುನ್ನವೇ ಎರಡನೆಯದು ಬಿದ್ದದ್ದು ಅವರಿಗೆ ಹೆಚ್ಚು ಕಳವಳ ತಂದಿತ್ತು.

ಅದಕ್ಕೆ ಕಾರಣವಿದೆ. 2011ರಲ್ಲಿ ಉತ್ತರ ಐರ್ಲೆಂಡಿನಲ್ಲಿ 14 ವರ್ಷದ ಬಾಲಕನೊಬ್ಬ ಶಾಲಾ ರಗ್ಬಿ ಪಂದ್ಯದಲ್ಲಿ ತಲೆಗೆ ಪೆಟ್ಟಾದ ಮೇಲೂ ಆಟ ಮುಂದುವರಿಸಿ, ಮತ್ತೆ ಪೆಟ್ಟು ತಿಂದು ತೀರಿಕೊಂಡ. ಒಂದರ ಮೇಲೊಂದು ಬಿದ್ದ ಪೆಟ್ಟಿನಿಂದ ಮಿದುಳು ಊದಿಕೊಂಡದ್ದೇ ಕಾರಣ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. 2013ರಲ್ಲಿ ಕೆನಡಾದ ಒಟ್ಟಾವಾದಲ್ಲಿ 17 ವರ್ಷದ ಆಟಗಾರ್ತಿ ರೋವನ್ ಸ್ಟ್ರಿಂಗರ್ ಸಾವೂ ಹೀಗೆಯೇ ಆಯಿತು. ತನಗೆ ಕನ್ಕಶನ್ ಆಗಿರಬಹುದೆಂದು ಆಕೆಗೆ ಅನುಮಾನವಿತ್ತು, ಅಂತರಜಾಲದಲ್ಲಿ ಹುಡುಕಿದ್ದಳು, ಗೆಳತಿಯರಿಗೆ ಸಂದೇಶದಲ್ಲಿ ಹೇಳಿಕೊಂಡೂ ಇದ್ದಳು. ಹಿರಿಯರಿಗೆ ಮಾತ್ರ ಹೇಳಲಿಲ್ಲ. ಒಂಟಾರಿಯೊ ಪ್ರಾಂತ್ಯ 2018ರಲ್ಲಿ ಆಕೆಯ ಹೆಸರಿನಲ್ಲೇ ಕಾನೂನು ತಂದಿತು. ಆಕೆಯ ತಂಡದಲ್ಲಿ ಯಾರೂ ಆಕೆಯ ಬಾಯಿ ಮುಚ್ಚಿಸಿರಲಿಲ್ಲ. ಮಂಜುನಾಥನ ತಂಡದಲ್ಲಿ ಬಾಯಿ ಮುಚ್ಚಿಸುವುದಕ್ಕೇ ಒಂದು ರಾತ್ರಿ ಮೀಸಲಾಗಿತ್ತು.

ಆ ರಾತ್ರಿಯ ಮಾತು ಬಂದದ್ದು ಅವನು ಸ್ವಲ್ಪ ಚೇತರಿಸಿಕೊಂಡ ಮೇಲೆ. ಬರುವ ಮುನ್ನವೇ ನಾನು ಅವನಿಗೆ ನನ್ನ ಮಿತಿಯನ್ನು ತಿಳಿಸಿದ್ದೆ: ನೀನು ಹೇಳುವುದು ಈ ಕೋಣೆಯಲ್ಲೇ ಉಳಿಯುತ್ತದೆ, ಆದರೆ 18 ತುಂಬದವರ ಮೈಗೆ, ಮಾನಕ್ಕೆ ಸಂಬಂಧಿಸಿದ ಕೆಲವು ವಿಷಯಗಳನ್ನು ನಾನು ಕಾನೂನಿನ ಪ್ರಕಾರ ಮುಚ್ಚಿಡುವಂತಿಲ್ಲ. ಇದನ್ನು ಮೊದಲೇ ಹೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲ ಎಂದು ವಾದಿಸುವ ಸಹೋದ್ಯೋಗಿಗಳಿದ್ದಾರೆ. ನನ್ನ ಅನುಭವ ಹಾಗಿಲ್ಲ. ಎಲ್ಲವನ್ನೂ ಹೇಳಿಸಿಕೊಂಡ ಮೇಲೆ "ಇದನ್ನು ಪೊಲೀಸರಿಗೆ ತಿಳಿಸಬೇಕು" ಎಂದರೆ ಅವರಿಗೆ ಎರಡನೆಯ ಸಲ ಮೋಸವಾದ ಹಾಗೆ.

ಟೂರ್ನಿಗೆ ಹೋದ ಊರಿನಲ್ಲಿ ತಂಡಕ್ಕೆ ಕಲ್ಯಾಣ ಮಂಟಪವೊಂದರ ಹಾಲ್ ಕೊಟ್ಟಿದ್ದರು. ತರಬೇತುದಾರರು ಬೇರೆ ಕಡೆ ತಂಗಿದ್ದರು. ಊಟವಾದ ಮೇಲೆ ಹೊಸದಾಗಿ ಸೇರಿದ ಹುಡುಗರನ್ನು ನಿಲ್ಲಿಸಿ "ಸ್ವಾಗತ" ಶುರುವಾಯಿತು. ಉಪ್ಪು ನೀರು ಕುಡಿಸಿದರು, ಹಿಂದಿನ ಅಂಗಳದ ಜಲ್ಲಿಯ ಮೇಲೆ ಮೊಣಕೈಯಲ್ಲಿ ತೆವಳಿಸಿದರು. ಬಟ್ಟೆ ಬಿಚ್ಚಿಸಿ ಬಸ್ಕಿ ಹೊಡೆಸಿ ಮೊಬೈಲಿನಲ್ಲಿ ಚಿತ್ರಿಸಿಕೊಂಡರು. ಕೊನೆಗೆ ಚೆಂಡು ಕೊಡದೆ ನಡುವೆ ನಿಲ್ಲಿಸಿ ಒಬ್ಬರಾದ ಮೇಲೊಬ್ಬರು ಓಡಿ ಬಂದು ಕೆಡವಿದರು. ಮೂರನೆಯವನು ಕೆಡವಿದಾಗ ಮಂಜುನಾಥನ ತಲೆ ಕಟ್ಟೆಯ ಅಂಚಿಗೆ ಬಡಿಯಿತು. ಕಣ್ಣು ಕತ್ತಲೆಯಾಗಿ ವಾಂತಿ ಮಾಡಿಕೊಂಡ. ನಾಯಕ ನೀರು ಕೊಟ್ಟು, ಬೆನ್ನು ಸವರಿ, "ಈಗ ನೀನು ನಮ್ಮವನು. ಹೊರಗೆ ಬಾಯಿ ಬಿಟ್ಟವನಿಗೆ ಜೆರ್ಸಿ ಇಲ್ಲ" ಎಂದ.

ಕೆಡವಿದ್ದನ್ನು ಮಂಜುನಾಥ ಎದ್ದು ನಿಂತು ಅಭಿನಯಿಸಿ ತೋರಿಸಿದ. ಯಾರು ಯಾವ ಕಡೆಯಿಂದ ಬಂದರು, ಭುಜ ಎಲ್ಲಿ ತಾಗಿತು ಎಲ್ಲವೂ ನೆನಪಿತ್ತು. ಬಟ್ಟೆಯ ವಿಷಯವನ್ನು ಒಂದೇ ಉಸಿರಿನಲ್ಲಿ, ನೆಲ ನೋಡುತ್ತ ಮುಗಿಸಿದ. ಇಷ್ಟಾದರೂ ಅವರನ್ನು ಅವನು ಕರೆದದ್ದು ಅಣ್ಣಂದಿರು ಎಂದೇ. ನಾನು ತಿದ್ದಲಿಲ್ಲ. ಅವನಿಗೆ ಆ ಅಣ್ಣಂದಿರ ಮೇಲೆ ಪ್ರೀತಿಯೂ ಇತ್ತು. ಶೂ ಹರಿದಾಗ ತಮ್ಮ ಹಳೆಯ ಜೋಡಿ ಕೊಟ್ಟವರು ಅವರೇ. ಪೀಡಿಸಿದವರು ರಾಕ್ಷಸರೆಂದು ಒಪ್ಪಿಸಲು ಹೊರಟರೆ ಹುಡುಗ ಅವರ ಪರವಾಗಿ ವಕಾಲತ್ತು ವಹಿಸತೊಡಗುತ್ತಾನೆ.

ಮರುದಿನ ಪಂದ್ಯ. ತಲೆ ಸಿಡಿಯುತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ: "ತಲೆ ನೋಯುತ್ತದೆ ಎಂದರೆ ಹೇಗೆ ಪೆಟ್ಟಾಯಿತು ಎಂದು ಸರ್ ಕೇಳುತ್ತಾರೆ. ಆಗ ರಾತ್ರಿಯದನ್ನೂ ಹೇಳಬೇಕಾಗುತ್ತದೆ." ತಂಡದೊಳಗಿನ ಪೀಡನೆಯನ್ನು ಒಂದು ಕಡತದಲ್ಲಿ, ಆಟಗಾರರ ಗಾಯವನ್ನು ಇನ್ನೊಂದು ಕಡತದಲ್ಲಿ ಇಡುವ ಸಂಸ್ಥೆಗಳಿಗೆ ನಾನು ಹೇಳಬೇಕಾದದ್ದೆಲ್ಲ ಈ ಎರಡು ವಾಕ್ಯಗಳಲ್ಲಿದೆ.

ಕಾನೂನಿನ ಕ್ರಮ ತಪ್ಪುವಂತಿರಲಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಹುಡುಗರಿಗೂ ಅನ್ವಯಿಸುತ್ತದೆ. ಲೈಂಗಿಕ ಉದ್ದೇಶದಿಂದ ಮಗುವಿನ ಮೈ ಪ್ರದರ್ಶಿಸುವಂತೆ ಮಾಡುವುದು ಅದರ 11ನೆಯ ಕಲಮಿನಡಿ ಅಪರಾಧ. ಉದ್ದೇಶ ಏನಿತ್ತು ಎಂಬುದನ್ನು ತೀರ್ಮಾನಿಸುವವರು ತನಿಖೆಯವರು ಮತ್ತು ನ್ಯಾಯಾಲಯ, ನಾನಲ್ಲ. ಗೊತ್ತಾದದ್ದನ್ನು ತಿಳಿಸುವುದು 19ನೆಯ ಕಲಮಿನಡಿ ನನ್ನ ಹೊಣೆ. ಮಂಜುನಾಥ ಮೂರು ಬಾರಿ ಬೇಡವೆಂದ. ಅವನಿಗೆ ಪೊಲೀಸರಿಗಿಂತ ವಿಡಿಯೊದ ಭಯ ಹೆಚ್ಚು. ದೂರು ಕೊಡದಿದ್ದರೆ ಆ ವಿಡಿಯೊ ಅವರ ಕೈಯಲ್ಲೇ ಇರುತ್ತದೆ, ಕೊಟ್ಟರೆ ಆ ಮೊಬೈಲನ್ನೇ ವಶಕ್ಕೆ ಪಡೆಯಬಹುದು ಎಂದು ವಿವರಿಸಿದ ಮೇಲೆ ಸ್ವಲ್ಪ ಸಡಿಲವಾದ. ತಾಯಿಯ ಜೊತೆಯಲ್ಲಿ, ಮಕ್ಕಳ ರಕ್ಷಣಾ ಘಟಕದವರ ನೆರವಿನಿಂದ ಮಾಹಿತಿ ದಾಖಲಾಯಿತು. ಸಮವಸ್ತ್ರವಿಲ್ಲದೆ ಮನೆಗೇ ಬಂದು ಹೇಳಿಕೆ ಪಡೆದರು. ಮಗುವನ್ನು ಠಾಣೆಯಲ್ಲಿ ರಾತ್ರಿ ಕೂರಿಸುವಂತಿಲ್ಲ ಎಂಬುದೂ ಅದೇ ಕಾಯ್ದೆಯ ಮಾತು. ಆರೋಪಿತರಲ್ಲಿ ಒಬ್ಬನಿಗೆ 19, ಉಳಿದವರು ಇನ್ನೂ 18 ತುಂಬದವರು. ಅವರಿಗೂ ಆಪ್ತಸಲಹೆ ಬೇಕು, ಆದರೆ ಅದನ್ನು ಬೇರೊಬ್ಬರು ಕೊಡಬೇಕು. ಎರಡೂ ಕಡೆಯವರು ಒಂದೇ ಕುರ್ಚಿಯಲ್ಲಿ ಬಂದು ಕೂರುವುದು ಸರಿಯಲ್ಲ.

ತಾಯಿಗೆ ಕೊಟ್ಟ ಸಲಹೆ ಬಹುಪಾಲು ಅಡುಗೆಮನೆ, ಹಾಸಿಗೆಯ ಮಟ್ಟದ್ದು. ಮೊದಲ ಒಂದೆರಡು ದಿನ ಮೊಬೈಲ್, ಟಿವಿ ಕಡಿಮೆ. ನಂತರ ನಿಧಾನವಾಗಿ ನಡಿಗೆ, ಓದು. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಕೂಡಿಹಾಕುವುದು ಬೇಡ. ತರಗತಿ ಮೊದಲು, ಆಟ ಆಮೇಲೆ. ಮಾತ್ರೆಯನ್ನು ಅವನ ಕೈಗೆ ಕೊಡಬೇಡಿ, ನೀವೇ ಇಟ್ಟುಕೊಳ್ಳಿ. ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಲು ಕಷ್ಟವಾದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ ಬೆಳಗಾಗಲೆಂದು ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಗಾಂಜಾ ಹುಡುಕಿದ್ದಕ್ಕೆ ಮಗನ ಹತ್ತಿರ ಒಂದು ಮಾತು ಆಡಿ ಎಂದೂ ಹೇಳಿದೆ. "ತಾಯಿ ಮಗನ ಹತ್ತಿರ ಕ್ಷಮೆ ಕೇಳುವುದೇ?" ಎಂದರು. ಕ್ಷಮೆ ಬೇಡ, "ನಿನ್ನ ಮೇಲೆ ಅನುಮಾನಪಟ್ಟೆ, ಅದು ಹಾಗಲ್ಲ ಎಂದು ಈಗ ಗೊತ್ತಾಯಿತು" ಎಂದರೆ ಸಾಕು ಎಂದೆ. ಅಂದರು ಎಂದು ಆಮೇಲೆ ಹುಡುಗನೇ ಹೇಳಿದ.

ತರಬೇತುದಾರರು ತಾವಾಗಿಯೇ ಭೇಟಿಗೆ ಬಂದರು. ಪ್ರಕರಣದ ಬಗ್ಗೆ ಒಂದು ಮಾತೂ ಆಡುವುದಿಲ್ಲ, ತಂಡದ ಪದ್ಧತಿಯ ಬಗ್ಗೆ ಮಾತ್ರ ಎಂಬ ಷರತ್ತಿನ ಮೇಲೆ, ಮನೆಯವರ ಒಪ್ಪಿಗೆ ಪಡೆದು ಕುಳಿತೆ. ಮೊದಲ ಮಾತೇ, "ನಾವೂ ಹೀಗೆಯೇ ಬೆಳೆದವರು ಮೇಡಂ. ಇದರಿಂದಲೇ ತಂಡ ಒಂದಾಗುವುದು." ಎರಡನೆಯದು, "ಇದು ಕಾಲೇಜಲ್ಲ, ರ‍್ಯಾಗಿಂಗ್ ನಿಯಮ ಇಲ್ಲಿಗೆ ಬರುವುದಿಲ್ಲ." ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮಗಳು ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಎಂಬುದು ನಿಜ. ಆದರೆ ಪೋಕ್ಸೊ ಕಾಲೇಜೋ ಮೈದಾನವೋ ಎಂದು ನೋಡುವುದಿಲ್ಲ, ನೋಡುವುದು ವಯಸ್ಸನ್ನು. ಹುಡುಗರೇ ಒಪ್ಪಿದ್ದರು ಎಂಬ ಮಾತೂ ಅಲ್ಲಿ ನಡೆಯುವುದಿಲ್ಲ.

ವಾದಕ್ಕಿಳಿಯದೆ ಅವರ ಆಟದ ಬಗ್ಗೆಯೇ ಕೇಳಿದೆ. ಭುಜದ ಮೇಲ್ಮಟ್ಟದಲ್ಲಿ ಹಿಡಿದು ಕೆಡವಿದರೆ? ಫೌಲ್, ಅಪಾಯ ನೋಡಿ ಹಳದಿ ಅಥವಾ ಕೆಂಪು ಕಾರ್ಡ್. ಹಳದಿಗೆ ಸೆವೆನ್ಸ್‌ನಲ್ಲಿ ಎರಡು ನಿಮಿಷ ಹೊರಗೆ. ಚೆಂಡಿಲ್ಲದವನನ್ನು ಕೆಡವಿದರೆ? ಅದೂ ಫೌಲ್. ಪಟಪಟನೆ ಉತ್ತರ ಬಂತು. ಹಾಗಾದರೆ ಹಾಲ್‌ನಲ್ಲಿ ರೆಫರಿ ಯಾರು ಎಂದೆ. ಅದಕ್ಕೆ ಉತ್ತರ ಬರಲಿಲ್ಲ. ಅವರು ಕೆಟ್ಟವರಲ್ಲ, ಸಂಬಳವಿಲ್ಲದೆ ನಸುಕಿನಲ್ಲೇ ಎದ್ದು ಬರುವವರು. ಕಷ್ಟ ತಂಡವನ್ನು ಬೆಸೆಯುತ್ತದೆ ಎಂಬ ಅವರ ನಂಬಿಕೆಯನ್ನೂ ನಾನು ತಳ್ಳಿಹಾಕುವುದಿಲ್ಲ. ನಾಯಕನಿಂದ ಹಿಡಿದು ನಿನ್ನೆ ಬಂದ ಹುಡುಗನವರೆಗೆ ಎಲ್ಲರೂ ಸೇರಿ ಗುಡ್ಡ ಹತ್ತಲಿ, ಅದು ಬೆಸೆಯುತ್ತದೆ. ಒಬ್ಬರು ನಿಂತು ನಗುತ್ತ, ಇನ್ನೊಬ್ಬರು ತೆವಳಿದರೆ ಬೆಸುಗೆ ಎಲ್ಲಿಂದ ಬರಬೇಕು? ಮುಂದಿನ ವರ್ಷ ನಾನು ಮೇಲಿರುತ್ತೇನೆ ಎಂಬ ಲೆಕ್ಕ ಮಾತ್ರ ಉಳಿಯುತ್ತದೆ.

ಅವರು ಬರೆದುಕೊಂಡು ಹೋದದ್ದು ಕೆಲವೇ ವಿಷಯ. ಹೊರಗಿನ ಊರಿಗೆ ಹೋದಾಗ ಇಬ್ಬರು ಹಿರಿಯರು ಹುಡುಗರಿರುವ ಕಟ್ಟಡದಲ್ಲೇ ಮಲಗಬೇಕು. 18 ದಾಟಿದವರಿಗೂ ದಾಟದವರಿಗೂ ಬೇರೆ ಕೋಣೆ. ಹೊಸಬರಿಗೆ ಸ್ವಾಗತ ಬೇಕೇ ಬೇಕೆಂದಿದ್ದರೆ ಮನೆಯವರನ್ನು ಕರೆದು, ಹಗಲು ಹೊತ್ತಿನಲ್ಲಿ, ನಾಯಕನ ಕೈಯಿಂದಲೇ ಜೆರ್ಸಿ ಕೊಡಿಸಲಿ. ತಾಯಿಯ ಎದುರು ಮಾಡಲಾಗದ್ದನ್ನು ತಂಡದಲ್ಲಿ ಮಾಡುವಂತಿಲ್ಲ. ತಲೆಗೆ ಪೆಟ್ಟಾದ ಅನುಮಾನ ಬಂದವನು ಆ ದಿನ ಮತ್ತೆ ಅಂಕಣಕ್ಕೆ ಇಳಿಯಬಾರದು. ಇದು ವಿಶ್ವ ರಗ್ಬಿ ಸಂಸ್ಥೆಯದೇ ನಿಯಮ. ನಂತರವೂ ಲಕ್ಷಣಗಳೆಲ್ಲ ಹೋಗಿ, ಹಂತಹಂತವಾಗಿ ಓಟ, ಅಭ್ಯಾಸ ಮುಗಿದು, ವೈದ್ಯರು ಒಪ್ಪಿದ ಮೇಲೆಯೇ ಮೈ ತಾಗುವ ಆಟ. ನಾನು ಹೆಚ್ಚು ಒತ್ತಿ ಹೇಳಿದ್ದು ಜೋಡಿಯ ವಿಷಯ: ಪ್ರತಿ ಆಟಗಾರನಿಗೂ ಒಬ್ಬ ಜೊತೆಗಾರ, ಅವನಿಗೆ ಪೆಟ್ಟಾದದ್ದು ಕಂಡರೆ ತಿಳಿಸುವುದು ಇವನ ಕೆಲಸ. ರೋವನ್‌ಳ ಗೆಳತಿಯರಿಗೆ ಗೊತ್ತಿತ್ತು. ಮಂಜುನಾಥ ವಾಂತಿ ಮಾಡಿಕೊಂಡದ್ದನ್ನು ಇಡೀ ಹಾಲ್ ನೋಡಿತ್ತು. ತಿಳಿಸುವುದು ಚಾಡಿಯಲ್ಲ, ತಂಡದ ಕೆಲಸ ಎಂದು ತರಬೇತುದಾರರ ಬಾಯಿಂದಲೇ ಬರಬೇಕು, ಅದೂ ಋತುವಿನ ಮೊದಲ ದಿನವೇ.

ಈ ಭಾಗದ ಬೇರೆ ತಂಡಗಳ ಮಕ್ಕಳಿಗೆ, ಪಾಲಕರಿಗೆ ಒಂದು ಮಾತು: ಮಕ್ಕಳ ಸಹಾಯವಾಣಿ 1098, ಮನಸ್ಸು ಕುಗ್ಗಿದಾಗ ಟೆಲಿ ಮಾನಸ್ 14416, ಕಾಲೇಜಿನ ರ‍್ಯಾಗಿಂಗ್ ದೂರಿಗೆ 1800-180-5522. ಕರೆ ಉಚಿತ.

ಮಂಜುನಾಥನ ತಲೆನೋವು ಹೋಗಿದೆ, ಲೆಡ್ಜರ್ ಮತ್ತೆ ಹೊಂದುತ್ತಿದೆ. ಹಗುರವಾಗಿ ಓಡಬಹುದೆಂದು ವೈದ್ಯರು ಹೇಳಿದ್ದಾರೆ, ಆದರೆ ಆ ತಂಡಕ್ಕೆ ಅವನು ಮರಳಿಲ್ಲ. ಮರಳುವೆಯೋ ಎಂದು ನಾನು ಕೇಳಿಲ್ಲ, ಕೇಳುವವರು ಮನೆಯಲ್ಲೇ ಇದ್ದಾರೆ: ತಂದೆಗೆ ಇನ್ನೂ ಪ್ರಮಾಣಪತ್ರದ ಚಿಂತೆ. ಮುಂದಿನ ಸಲ ಅವರೂ ಬರಬೇಕು ಎಂದು ಹೇಳಿ ಕಳಿಸಿದ್ದೇನೆ. ಲಾರಿಗೆ ಲೋಡ್ ಇಲ್ಲದ ದಿನ ನೋಡಿ ಬರುತ್ತೇನೆ ಎಂದಿದ್ದಾರೆ.