ಜಪ್ತಿಯಾದ ಡೈರಿ, ಮಾತು ನಿಂತ ಮನೆ

ತೆರಿಗೆ ದಾಳಿಯಾದವರು ನನ್ನ ಹತ್ತಿರ ಬರುವುದು ನಿದ್ದೆ ಬರಲ್ಲ ಅಂತ. ಕೂತ ಮೇಲೆ ಮಾತೆಲ್ಲ ರಿಟ್ ಅರ್ಜಿಯದ್ದೇ, ಅಂದರೆ ಅಧಿಕಾರಿಗಳ ಕ್ರಮ ಪ್ರಶ್ನಿಸಿ ಹೈಕೋರ್ಟಿಗೆ ಹಾಕುವ ಅರ್ಜಿಯದ್ದು. ಈಚೆಗೆ ಇಂಥವರು ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಇವರು ಹಾರ್ಡ್‌ವೇರ್ ವ್ಯಾಪಾರಿ, ಐವತ್ತು ದಾಟಿದೆ. ಅಂಗಡಿ ಹಿಂದೆಯೇ ಮನೆ. ಜಿಎಸ್‌ಟಿ ಅಧಿಕಾರಿಗಳು ಬಿಲ್ ಪುಸ್ತಕಗಳ ಜೊತೆ ಇವರ ಡೈರಿಯನ್ನೂ ಒಯ್ದಿದ್ದರು. ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ ದಾಳಿಯನ್ನೇ ರದ್ದು ಮಾಡಿಸಬೇಕು ಅಂತ ಒಂದೇ ಹಟ.

ಒಮ್ಮೆ ಕೇಳಿದೆ, "ಡೈರಿ ನಾಳೆಯೇ ವಾಪಸ್ ಬಂತು ಅಂದ್ಕೊಳ್ಳಿ. ಮೊದಲು ಏನ್ ಮಾಡ್ತೀರಿ?"

"ಹರಿದು ಹಾಕ್ತೀನಿ ಮೇಡಂ."

ಅಂದವರು ಪೆನ್ನಿನ ಕ್ಯಾಪ್ ತೆಗೆಯುತ್ತಾ, ಹಾಕುತ್ತಾ ಕೂತರು. ಆಮೇಲೆ ಬಾಯಿಬಿಟ್ಟರು. ತಮ್ಮನಿಗೆ ಕೊಟ್ಟ ಕೈಗಡದ ಲೆಕ್ಕ ಅದರಲ್ಲಿತ್ತು. ಹೆಂಡತಿಗೆ ಹೇಳಿರಲಿಲ್ಲ. ಅಧಿಕಾರಿ ಒಂದೊಂದೇ ಸಾಲು ಓದಿ "ಇದು ಯಾರಿಗೆ?" ಅಂತ ಕೇಳುವಾಗ ಆಕೆ ಬಾಗಿಲಲ್ಲೇ ನಿಂತಿದ್ದರು. ಪಂಚರಾಗಿ, ಅಂದರೆ ದಾಳಿಗೆ ಸಾಕ್ಷಿಗಳಾಗಿ, ಸಹಿ ಹಾಕಿದ್ದು ಪಕ್ಕದ ಅಂಗಡಿಯವರು.

"ದಾಳಿನೇ ತಪ್ಪು ಅಂತ ಕೋರ್ಟ್ ಅಂದ್ರೆ, ಅದರಲ್ಲಿ ಬರೆದಿದ್ದೂ ಲೆಕ್ಕಕ್ಕಿಲ್ಲ ಅಲ್ವಾ?"

ಲೆಕ್ಕಕ್ಕಿದೆ, ಕಾನೂನಿನಲ್ಲೂ ಮನೆಯಲ್ಲೂ. 1974ರಲ್ಲೇ ಪೂರಣ್ ಮಲ್ ಎಂಬ ಆದಾಯ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶೋಧ ಕ್ರಮಬದ್ಧವಾಗಿರದಿದ್ದರೂ ಸಿಕ್ಕ ದಾಖಲೆಯನ್ನು ಸಾಕ್ಷ್ಯವಾಗಿ ಬಳಸಬಹುದು ಎಂದಿದೆ.

ಎರಡು ವಿಷಯ ಬೇರೆ ಬೇರೆ ಮಾಡಿಕೊಳ್ಳಿ ಅಂದೆ. ಜಪ್ತಿ ಆದೇಶ, ಪಂಚನಾಮೆ ಹಿಡಿದು ವಕೀಲರ ಹತ್ತಿರ ಹೋಗಿ. ಜಿಎಸ್‌ಟಿ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ, ತನಿಖೆಗೆ ಅಡ್ಡಿಯಾಗುತ್ತದೆ ಎಂದು ಅಧಿಕಾರಿಗೆ ಅನಿಸದಿದ್ದರೆ, ನಕಲು ಪಡೆಯುವ ಹಕ್ಕು ನಿಮಗಿದೆ. ಇಲಾಖೆ ತನ್ನ ನೋಟಿಸಿಗೆ ಆಧಾರ ಮಾಡಿಕೊಳ್ಳದ ದಾಖಲೆಗಳನ್ನು ನೋಟಿಸ್ ಕೊಟ್ಟ 30 ದಿನದೊಳಗೆ ಹಿಂತಿರುಗಿಸಬೇಕು. ಬಂದರೂ ಹರಿಯಬೇಡಿ, ಹೊಸ ತಲೆನೋವಾಗುತ್ತದೆ. ಇನ್ನು ತಮ್ಮನ ವಿಷಯ, ಅದನ್ನು ಹೆಂಡತಿಗೆ ನೀವೇ ಪೂರ್ತಿ ಹೇಳಿ. ಈ ವಾರವೇ.

ಕಾನೂನಿನ ಮಾತು ನಿಮಗ್ಯಾಕೆ ಅಂತ ಪರಿಚಯದ ವಕೀಲರೊಬ್ಬರು ರೇಗಿದರು. ರಿಟ್ ಹಾಕಬೇಡಿ ಅಂತ ನಾನು ಹೇಳಲೇ ಇಲ್ಲ. ಅಧಿಕಾರಿಗಳು ಮಿತಿ ಮೀರಿದ್ದರೆ ಕೋರ್ಟಿಗೆ ಹೋಗಲೇಬೇಕು. ಆದರೆ ಹೆಂಡತಿ ಮುಂದೆ ಆದ ಮುಜುಗರಕ್ಕೆ ನ್ಯಾಯಾಧೀಶರ ಹತ್ತಿರ ಪರಿಹಾರ ಕೇಳಿದರೆ, ಕೇಸು ಎಳೆದಷ್ಟು ವರ್ಷ ಮನೆಯಲ್ಲಿ ಮಾತೂ ನಿಂತಿರುತ್ತದೆ. ಅಂಥ ಮನೆಗಳನ್ನು ನೋಡಿದ್ದೇನೆ, ಅದಕ್ಕೇ ಸುಮ್ನೆ ಕೂರಲಾಗಲಿಲ್ಲ.

ಈಗ ನಕಲಿಗೆ ಅರ್ಜಿ ಹೋಗಿದೆ. ರಿಟ್ ಬಗ್ಗೆ ವಕೀಲರು ಇನ್ನೂ ನೋಡುತ್ತಿದ್ದಾರೆ. ಎಲ್ಲ ಕೇಳಿಸಿಕೊಂಡ ಹೆಂಡತಿ, "ಎಷ್ಟು ವಾಪಸ್ ಕೊಟ್ಟಿದ್ದಾನೆ?" ಅಂದರಂತೆ. ಮುಂದಿನ ಭೇಟಿಗೆ ಆಕೆಯೂ ಬರುತ್ತಾರೆ.