ಓದುಗರ ಪ್ರಶ್ನೆ, ನಮ್ಮ ಉತ್ತರ: ಸಾರ್ವಜನಿಕ ಆಸ್ಪತ್ರೆಯ ಸಿಬ್ಬಂದಿಯನ್ನು ಬೆಳೆಸುವವರು ಯಾರು?

ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ದುಡಿಯುತ್ತಿರುವವರು ಬರೆದ ಐದು ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಹುದ್ದೆಗಳು ಬೇರೆಯಾದರೂ ಎಲ್ಲರ ಪ್ರಶ್ನೆಯ ಬೇರು ಒಂದೇ ಕಡೆ ಇದೆ. ಆದ್ದರಿಂದ ಪತ್ರಗಳನ್ನು ಒಟ್ಟಿಗೆ ಕೊಟ್ಟಿದ್ದೇನೆ. ಬರೆದವರ ಹೆಸರು, ಊರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಬಹಳ ವರ್ಷ ಶುಶ್ರೂಷಕಿಯಾಗಿ ದುಡಿದ ವಾರ್ಡಿಗೇ ಈಗ ನನ್ನನ್ನು ಇನ್‌ಚಾರ್ಜ್ ಮಾಡಿದ್ದಾರೆ. ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಬರೆಯಲು ಒಂದು ಪುಸ್ತಕವಿದೆ. ಅದು ತಿಂಗಳುಗಟ್ಟಲೆ ಖಾಲಿಯಾಗಿಯೇ ಇರುತ್ತದೆ. ಮೇಲಧಿಕಾರಿಗಳು ಅದನ್ನು ಕಂಡು ಮೆಚ್ಚಿಕೊಂಡರು, ನನಗೆ ಮಾತ್ರ ಸಮಾಧಾನವಿಲ್ಲ. ನಿನ್ನೆಯವರೆಗೆ ಜೊತೆಯಲ್ಲಿ ಪಾಳಿ ಮಾಡಿದವರಿಂದ, ಗದರಿಸದೆ, ಇದ್ದದ್ದನ್ನು ಇದ್ದಂತೆ ಹೇಳಿಸುವುದು ಹೇಗೆ?

ಉತ್ತರ: ನಿಮ್ಮ ಅಸಮಾಧಾನಕ್ಕೆ ಗಟ್ಟಿಯಾದ ಕಾರಣವಿದೆ. ದಿನವೂ ನೂರಾರು ಡೋಸ್ ಔಷಧ ಕೊಡುವ ವಾರ್ಡಿನಲ್ಲಿ ಒಂದೂ ತಪ್ಪು ದಾಖಲಾಗದೆ ತಿಂಗಳುಗಳು ಉರುಳಿದರೆ, ತಪ್ಪೇ ಆಗುತ್ತಿಲ್ಲ ಎನ್ನುವುದಕ್ಕಿಂತ, ಹೇಳಿಕೊಳ್ಳಲು ಜನ ಹೆದರುತ್ತಿದ್ದಾರೆ ಎನ್ನುವ ಸಾಧ್ಯತೆಯೇ ಹೆಚ್ಚು. ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಆಗುವ ಔಷಧ ದೋಷಗಳನ್ನು ಅಧ್ಯಯನ ಮಾಡಲು ಹೊರಟಾಗ, ಹೊಂದಾಣಿಕೆಯಿಂದ ಕೆಲಸ ಮಾಡುವ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರುತ್ತವೆಂದು ನಿರೀಕ್ಷಿಸಿದ್ದರು. ಅಂಕಿಅಂಶಗಳು ಅದಕ್ಕೆ ತದ್ವಿರುದ್ಧವಾಗಿ ಬಂದವು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಮುಂದೆ ಪರಿಶೀಲಿಸಿದಾಗ, ಆ ತಂಡಗಳವರು ತಪ್ಪುಗಳನ್ನು ಮುಚ್ಚಿಡದೆ ಚರ್ಚಿಸುತ್ತಿದ್ದುದೇ ಅದಕ್ಕೆ ಕಾರಣವೆಂಬ ವಿವರಣೆ ಅವರಿಗೆ ದೊರೆಯಿತು.

ನಿಮ್ಮ ವಾರ್ಡಿನಲ್ಲಿ ಆಗಬಹುದಾದ ಒಂದು ಪ್ರಸಂಗವನ್ನೇ ತೆಗೆದುಕೊಳ್ಳೋಣ. ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ನೋಡಲು ಇಂಜೆಕ್ಷನ್ ಕಲಸುವ ನೀರಿನ ಆಂಪ್ಯೂಲಿನಂತೆಯೇ ಇರಬಹುದು. ಅದು ನೀರು ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಂತುಹೋಗಬಹುದು. ರಾತ್ರಿ ಪಾಳಿಯ ಕೊನೆಯ ಗಂಟೆಯಲ್ಲಿ ಕಿರಿಯ ಶುಶ್ರೂಷಕಿಯೊಬ್ಬಳು ಟ್ರೇಗೆ ಕೈ ಹಾಕಿದಾಗ ಅದೇ ಕೈಗೆ ಬಂತು, ಲೇಬಲ್ ಓದಿ ಬೆಚ್ಚಿ ವಾಪಸ್ ಇಟ್ಟಳು ಎಂದುಕೊಳ್ಳಿ. ರೋಗಿಗೆ ಏನೂ ಆಗಲಿಲ್ಲ. ಬೆಳಿಗ್ಗೆ ಪಾಳಿ ಒಪ್ಪಿಸುವಾಗ ಅವಳು ಇದನ್ನು ನಿಮಗೆ ಹೇಳುತ್ತಾಳೋ ಇಲ್ಲವೋ ಎನ್ನುವುದರ ಮೇಲೆ ಮುಂದಿನ ರೋಗಿಯ ಜೀವ ನಿಂತಿರುತ್ತದೆ. ಹೇಳಿದಳೆಂದರೆ ಆ ಆಂಪ್ಯೂಲುಗಳನ್ನು ಅದೇ ದಿನ ಆ ಟ್ರೇಯಿಂದ ತೆಗೆಸಬಹುದು. ಸಾಂದ್ರ ದ್ರಾವಣವನ್ನು ಸಾಮಾನ್ಯ ವಾರ್ಡುಗಳ ದಾಸ್ತಾನಿನಲ್ಲಿ ಇಡದೆ ಬೇರೆಡೆ ಬೀಗ ಹಾಕಿ ಇಡುವ ಪದ್ಧತಿ ಹಲವು ದೇಶಗಳಲ್ಲಿ ಬಂದದ್ದೂ ಇಂಥ ಅವಘಡಗಳ ನಂತರವೇ. ಆದರೆ "ಕಣ್ಣು ಎಲ್ಲಿಟ್ಟುಕೊಂಡಿದ್ದೆ?" ಎಂಬ ಒಂದು ಮಾತು ನಿಮ್ಮ ಬಾಯಿಂದ ಬಂದರೆ ಅವಳು ಮತ್ತೆಂದೂ ಹೇಳುವುದಿಲ್ಲ, ಅವಳನ್ನು ನೋಡಿದ ಉಳಿದವರೂ ಹೇಳುವುದಿಲ್ಲ.

ಆದ್ದರಿಂದ ಮೊದಲ ಪ್ರತಿಕ್ರಿಯೆಯನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಹೇಳಿದವರಿಗೆ ಎಲ್ಲರೆದುರು ಧನ್ಯವಾದ ಹೇಳಿ, ರೋಗಿ ಸುರಕ್ಷಿತವೇ ಎಂದು ವಿಚಾರಿಸಿ, ನಂತರ "ಹೀಗಾಗಲು ಎಲ್ಲಿ ಅವಕಾಶವಾಯಿತು?" ಎಂದು ಕೇಳಿ. ಒಂದು ವಾರದೊಳಗೆ ಏನಾದರೂ ಬದಲಾದದ್ದು ಅವರ ಕಣ್ಣಿಗೆ ಬೀಳಬೇಕು, ಏಕೆಂದರೆ ಬರೆದದ್ದು ಎಲ್ಲಿಗೂ ತಲುಪುವುದಿಲ್ಲ ಎನಿಸಿದ ದಿನವೇ ಬರೆಯುವುದು ನಿಂತುಹೋಗುತ್ತದೆ. ಬೇಕೆಂದೇ ಮಾಡಿದ ಉಪೇಕ್ಷೆ ಅಥವಾ ಕುಡಿದು ಕೆಲಸಕ್ಕೆ ಬಂದಂಥ ಪ್ರಕರಣಗಳಿಗೆ ಶಿಸ್ತುಕ್ರಮ ಇದ್ದೇ ಇರುತ್ತದೆ; ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ತಂಡಕ್ಕೆ ಮುಂಚಿತವಾಗಿಯೇ ಬಿಡಿಸಿ ಹೇಳಿರಿ.

ಖಾಲಿ ಪುಸ್ತಕವನ್ನು ಮೆಚ್ಚಿದ ನಿಮ್ಮ ಮೇಲಧಿಕಾರಿಗಳೊಂದಿಗೂ ಈ ಮಾತನ್ನು ಆಡಲೇಬೇಕು. ಇಂಗ್ಲೆಂಡಿನ ಸ್ಟ್ಯಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ರೋಗಿಗಳು ಅನುಭವಿಸಿದ ಘೋರ ನಿರ್ಲಕ್ಷ್ಯದ ಬಗ್ಗೆ ರಾಬರ್ಟ್ ಫ್ರಾನ್ಸಿಸ್ ನೇತೃತ್ವದ ಸಾರ್ವಜನಿಕ ವಿಚಾರಣೆ 2013ರಲ್ಲಿ 290 ಶಿಫಾರಸುಗಳ ವರದಿ ಕೊಟ್ಟಿತು. ಆಡಳಿತ ಮಂಡಳಿಯ ಗಮನವೆಲ್ಲ ಹಣಕಾಸು ಮತ್ತು ಗುರಿಸಾಧನೆಯ ಮೇಲಿತ್ತು, ಸಿಬ್ಬಂದಿ ಕಡಿತವಾಗಿತ್ತು, ಕಳವಳದಿಂದ ದನಿಯೆತ್ತಿದವರ ಮಾತು ಮೇಲಕ್ಕೆ ತಲುಪಲಿಲ್ಲ. ಮೇಲಿನವರ ಮೇಜಿನ ಮೇಲೆ ಎಲ್ಲವೂ ಸರಿಯಾಗಿರುವಂತೆ ಕಾಣುವ ಕಾಗದಗಳು ಇದ್ದ ಕಾಲದಲ್ಲೇ ವಾರ್ಡಿನಲ್ಲಿ ರೋಗಿಗಳು ಕುಡಿಯುವ ನೀರಿಗೂ ಪರದಾಡಿದ್ದರು.

ಪ್ರಶ್ನೆ: ನಾನು ಆರೋಗ್ಯ ಕೇಂದ್ರವೊಂದರ ವೈದ್ಯಾಧಿಕಾರಿ. ನಮ್ಮ ಸಿಬ್ಬಂದಿ ವರ್ಷವಿಡೀ ಒಂದಲ್ಲ ಒಂದು ತರಬೇತಿಗೆ ಹೋಗುತ್ತಲೇ ಇರುತ್ತಾರೆ. ಪ್ರಮಾಣಪತ್ರಗಳು ಫೈಲಿನಲ್ಲಿ ಸೇರುತ್ತವೆ, ಕೆಲಸದ ರೀತಿ ಮಾತ್ರ ಮೊದಲಿನಂತೆಯೇ ಇದೆ. ತರಬೇತಿಯಿಂದ ಪ್ರಯೋಜನವೇ ಇಲ್ಲವೇ?

ಉತ್ತರ: ಪ್ರಯೋಜನವಿದೆ, ಆದರೆ ಒಂಟಿ ತರಬೇತಿಗೆ ಮಿತಿಯೂ ಇದೆ. ಕೆಳ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆರೋಗ್ಯ ಕಾರ್ಯಕರ್ತರ ಕೆಲಸವನ್ನು ಸುಧಾರಿಸಲು ನಡೆದ ಪ್ರಯತ್ನಗಳನ್ನೆಲ್ಲ ಒಟ್ಟು ಸೇರಿಸಿ 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಪರಾಮರ್ಶೆಯ ಪ್ರಕಾರ, ಮುದ್ರಿತ ಮಾರ್ಗಸೂಚಿಗಳನ್ನು ಹಂಚಿ ಸುಮ್ಮನಾದರೆ ಬಹುತೇಕ ಏನೂ ಬದಲಾಗುವುದಿಲ್ಲ. ತರಬೇತಿಯೊಂದರಿಂದಲೇ ಸಾಧಾರಣ ಸುಧಾರಣೆ ಆಗುತ್ತದೆ. ತರಬೇತಿಯ ಜೊತೆಗೆ ಮೇಲ್ವಿಚಾರಣೆ ಸೇರಿದರೆ, ಅಥವಾ ತಂಡವೇ ಕುಳಿತು ತನ್ನ ಸಮಸ್ಯೆಗೆ ಪರಿಹಾರ ಹುಡುಕಿದರೆ, ಫಲ ಹೆಚ್ಚು.

ಇನ್ನೊಂದು ಉದಾಹರಣೆ ಇದಕ್ಕಿಂತ ಮನಮುಟ್ಟುವಂಥದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗಾಗಿ 19 ಅಂಶಗಳ ಪರಿಶೀಲನಾ ಪಟ್ಟಿಯೊಂದನ್ನು ಹೊರತಂದಿತು. ಎಂಟು ದೇಶಗಳ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿದ ನಂತರ ಸಾವಿನ ಪ್ರಮಾಣ ಶೇಕಡ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಅದೇ ಬಗೆಯ ಪಟ್ಟಿ ಜಾರಿಗೆ ಬಂದ ಮೇಲೆ ಗಮನಾರ್ಹ ಇಳಿಕೆ ಕಂಡುಬರಲಿಲ್ಲವೆಂದು 2014ರ ಅಧ್ಯಯನ ತಿಳಿಸಿತು. ಈ ವ್ಯತ್ಯಾಸಕ್ಕೆ ಕಾರಣಗಳನ್ನು ಕುರಿತು ತಜ್ಞರಲ್ಲಿ ಚರ್ಚೆ ನಡೆಯಿತು. ನನ್ನ ಅಭಿಪ್ರಾಯದಲ್ಲಿ ಮುಖ್ಯ ಕಾರಣ, ಪಟ್ಟಿಯನ್ನು ತಂಡ ತನ್ನದಾಗಿಸಿಕೊಂಡು ಗಟ್ಟಿಯಾಗಿ ಓದಿ ಉತ್ತರಿಸುವುದಕ್ಕೂ, ಆದೇಶ ಬಂದಿದೆಯೆಂದು ಟಿಕ್ ಹಾಕಿ ಸಹಿ ಮಾಡುವುದಕ್ಕೂ ಇರುವ ಅಂತರ. ಆಪರೇಷನ್ ಥಿಯೇಟರಿನಲ್ಲಿ ಹಿರಿಯ ಸರ್ಜನ್ ತಾನೇ ಕೈಯಲ್ಲಿರುವುದನ್ನು ಬದಿಗಿಟ್ಟು ಪಟ್ಟಿಗೆ ಕಿವಿಗೊಟ್ಟರೆ ಉಳಿದವರೂ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಅವರೇ ಗಡಿಯಾರ ನೋಡುತ್ತಾ ನಿಂತರೆ ಯಾವ ತರಬೇತಿಯೂ ಅದನ್ನು ಸರಿಪಡಿಸಲಾರದು.

ನಿಮ್ಮ ಕೇಂದ್ರದಲ್ಲಿ ಹೀಗೆ ಮಾಡಿ ನೋಡಿ. ತರಬೇತಿಗೆ ಕಳುಹಿಸುವ ಮುನ್ನ ಆ ವ್ಯಕ್ತಿಯೊಂದಿಗೆ ಕುಳಿತು, ಬಂದ ಮೇಲೆ ಯಾವ ಒಂದು ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಬೇಕೆಂದು ಇಬ್ಬರೂ ಒಪ್ಪಿಕೊಳ್ಳಿ. ಹಿಂತಿರುಗಿದ ವಾರದಲ್ಲೇ ಆ ಕೆಲಸವನ್ನು ನೀವು ಪಕ್ಕದಲ್ಲಿ ನಿಂತು ನೋಡಿ. ನವಜಾತ ಶಿಶುವಿಗೆ ಉಸಿರು ತರಿಸುವ ವಿಧಾನ ಕಲಿತು ಬಂದವರಿಗೆ ಬ್ಯಾಗ್ ಮತ್ತು ಸರಿಯಾದ ಅಳತೆಯ ಮಾಸ್ಕ್ ಹೆರಿಗೆ ಕೋಣೆಯಲ್ಲಿ ಕೈಗೆಟುಕುವಂತೆ ಇದೆಯೇ ಎಂಬುದನ್ನೂ ನೋಡಿ, ಏಕೆಂದರೆ ಅನೇಕ ಸಲ ಕಲಿತದ್ದು ಕಾರ್ಯರೂಪಕ್ಕೆ ಬಾರದಿರಲು ಮನಸ್ಸಿನ ಕೊರತೆಗಿಂತ ಸಾಮಗ್ರಿಯ ಕೊರತೆ ಕಾರಣವಾಗಿರುತ್ತದೆ. ಅಪರೂಪಕ್ಕೆ ಬರುವ ತುರ್ತುಸ್ಥಿತಿಗಳನ್ನು ತಿಂಗಳಿಗೊಮ್ಮೆಯಾದರೂ ಗೊಂಬೆಯ ಮೇಲೆ ಅಭ್ಯಾಸ ಮಾಡಿಸದಿದ್ದರೆ ಕೈ ಮರೆತುಬಿಡುತ್ತದೆ.

ಪ್ರಶ್ನೆ: ಮಂಜೂರಾದ ಹುದ್ದೆಗಳಲ್ಲಿ ಅನೇಕವು ಖಾಲಿ ಬಿದ್ದಿವೆ. ಬಂದವರೂ ಒಂದೆರಡು ವರ್ಷದಲ್ಲಿ ಬಿಟ್ಟು ಹೋಗುತ್ತಾರೆ. ನೇಮಕಾತಿ ನನ್ನ ಕೈಯಲ್ಲಿಲ್ಲ. ಆಸ್ಪತ್ರೆಯ ಅಧೀಕ್ಷಕನಾಗಿ ನಾನು ಏನು ಮಾಡಬಲ್ಲೆ?

ಉತ್ತರ: ಇದು ನಿಮ್ಮೊಬ್ಬರ ಆಸ್ಪತ್ರೆಯ ಕಥೆಯಲ್ಲ. 2030ರ ವೇಳೆಗೆ ಜಗತ್ತಿನಲ್ಲಿ ಸುಮಾರು 1.8 ಕೋಟಿ ಆರೋಗ್ಯ ಸಿಬ್ಬಂದಿಯ ಕೊರತೆ ಇರಬಹುದೆಂದು 2016ರಲ್ಲಿ ಅಂದಾಜಿಸಲಾಗಿತ್ತು. ನಂತರದ ಲೆಕ್ಕಾಚಾರ ಅದನ್ನು ಸುಮಾರು 1 ಕೋಟಿಗೆ ಇಳಿಸಿತು, ಆದರೆ ಆ ಕೊರತೆಯ ದೊಡ್ಡ ಪಾಲು ಬಡ ದೇಶಗಳದ್ದೇ ಆಗಿ ಉಳಿದಿದೆ. ಶ್ರೀಮಂತ ದೇಶಗಳು ಅಲ್ಲಿನ ಸಿಬ್ಬಂದಿಯನ್ನು ಸೆಳೆದುಕೊಳ್ಳುವುದರ ಬಗ್ಗೆ 2010ರಲ್ಲಿ ವಿಶ್ವ ಆರೋಗ್ಯ ಸಭೆ ಒಂದು ಸಂಹಿತೆಯನ್ನು ಅಂಗೀಕರಿಸಿತು, ಆದರೆ ಅದರ ಪಾಲನೆ ಐಚ್ಛಿಕ.

ನೇಮಕಾತಿ ನಿಮ್ಮ ಕೈಯಲ್ಲಿಲ್ಲದಿದ್ದರೂ, ಎಷ್ಟು ಜನ ಬೇಕೆಂಬುದನ್ನು ಪುರಾವೆಯೊಂದಿಗೆ ಹೇಳುವುದು ನಿಮ್ಮ ಕೈಯಲ್ಲಿದೆ. ಹಾಸಿಗೆಗಳ ಸಂಖ್ಯೆಯ ಮೇಲೆ ಹುದ್ದೆ ಕೇಳುವ ಹಳೆಯ ರೂಢಿಗಿಂತ, ಕೆಲಸದ ಹೊರೆಯ ಮೇಲೆ ಲೆಕ್ಕ ಹಾಕುವ ವಿಶ್ವ ಆರೋಗ್ಯ ಸಂಸ್ಥೆಯ ವಿಧಾನ ಹೆಚ್ಚು ಬಲವಾದದ್ದು. ರಜೆ, ತರಬೇತಿ, ಅನಾರೋಗ್ಯದ ದಿನಗಳನ್ನು ಕಳೆದು ಒಬ್ಬ ಸಿಬ್ಬಂದಿಗೆ ವರ್ಷದಲ್ಲಿ ನಿಜವಾಗಿ ಸಿಗುವ ಕೆಲಸದ ಗಂಟೆಗಳೆಷ್ಟು, ಒಂದು ಹೆರಿಗೆಗೆ, ಒಂದು ಡ್ರೆಸ್ಸಿಂಗಿಗೆ ಸರಿಯಾಗಿ ಮಾಡಿದರೆ ಎಷ್ಟು ಹೊತ್ತು ಬೇಕು, ವರ್ಷಕ್ಕೆ ಅಂಥವು ಎಷ್ಟು ನಡೆಯುತ್ತವೆ ಎಂಬುದನ್ನು ಸೇರಿಸಿ ಅದು ಅಗತ್ಯವನ್ನು ತೋರಿಸುತ್ತದೆ. ಕೆಲವೊಮ್ಮೆ ಒಂದು ವಿಭಾಗದಲ್ಲಿ ಕೊರತೆಯೂ ಇನ್ನೊಂದರಲ್ಲಿ ಬಿಡುವೂ ಇರುವುದು ಇದರಿಂದ ಗೊತ್ತಾಗುತ್ತದೆ. ಅದನ್ನು ಸರಿದೂಗಿಸಲು ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

ಬಿಟ್ಟು ಹೋಗುವವರ ವಿಷಯದಲ್ಲಿ, ಹೋಗುವ ದಿನ ಕಾರಣ ಕೇಳುವುದು ತಡವಾಯಿತು. ಇರುವವರನ್ನು ಈಗಲೇ ಕೇಳಿ. ಸಂಬಳದ ಜೊತೆಗೆ ವಾಸದ ಮನೆ, ರಾತ್ರಿ ಪಾಳಿಯ ಸುರಕ್ಷತೆ, ಕಲಿಯುವ ಅವಕಾಶ, ಡ್ಯೂಟಿ ಪಟ್ಟಿಯ ನ್ಯಾಯ ಇವೆಲ್ಲ ಬರುತ್ತವೆ. ಡ್ಯೂಟಿ ಪಟ್ಟಿಯ ಮಾತನ್ನು ನಾನು ಒತ್ತಿ ಹೇಳುತ್ತೇನೆ: ಹಬ್ಬದ ದಿನಗಳ ಮತ್ತು ರಾತ್ರಿಯ ಪಾಳಿಗಳು ಪ್ರಭಾವವಿಲ್ಲದವರ ತಲೆಗೇ ಬೀಳುತ್ತಿವೆಯೇ ಎಂದು ಕಳೆದ ಆರು ತಿಂಗಳ ಪಟ್ಟಿಯನ್ನು ನೀವೇ ತೆರೆದು ನೋಡಿ. ದೂರದ ಪ್ರದೇಶಗಳಲ್ಲಿ ಸಿಬ್ಬಂದಿಯನ್ನು ಉಳಿಸಿಕೊಳ್ಳುವ ಬಗ್ಗೆ 2010ರಲ್ಲಿ ಹೊರಬಂದು 2021ರಲ್ಲಿ ಪರಿಷ್ಕೃತವಾದ ಜಾಗತಿಕ ಮಾರ್ಗಸೂಚಿ, ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳನ್ನು ಆರಿಸುವುದು, ಓದುವಾಗಲೇ ಅಂಥ ಕಡೆ ಕೆಲಸ ಮಾಡಿಸುವುದು, ವಾಸ ಮತ್ತು ವೃತ್ತಿಯ ಬೆಂಬಲ ಇವನ್ನೆಲ್ಲ ಒಟ್ಟಾಗಿ ಮಾಡಬೇಕೆನ್ನುತ್ತದೆ. ಒಂದೇ ಭತ್ಯೆಯಿಂದ ಜನ ನಿಲ್ಲುವುದಿಲ್ಲ. ಕೆಲಸದ ಒತ್ತಡದಿಂದ ಆಗುವ ಬಳಲಿಕೆಯನ್ನು (ಬರ್ನ್‌ಔಟ್) ವ್ಯಕ್ತಿಯ ದೌರ್ಬಲ್ಯವೆಂದು ತಳ್ಳಿಹಾಕಬೇಡಿ. ಅಂತರರಾಷ್ಟ್ರೀಯ ರೋಗ ವರ್ಗೀಕರಣದ 11ನೇ ಪರಿಷ್ಕರಣೆಯಲ್ಲಿ ಅದನ್ನು ಕೆಲಸದ ಸ್ಥಳದ ನಿರಂತರ ಒತ್ತಡದಿಂದ ಹುಟ್ಟುವ ವೃತ್ತಿಸಂಬಂಧಿ ವಿದ್ಯಮಾನವೆಂದೇ ಸೇರಿಸಲಾಗಿದೆ.

ಪ್ರಶ್ನೆ: ಆಸ್ಪತ್ರೆಯ ಮುಖ್ಯಸ್ಥರು ವೈದ್ಯರೇ ಆಗಿರಬೇಕೇ, ಆಡಳಿತ ತಜ್ಞರಾದರೆ ಒಳ್ಳೆಯದೇ?

ಉತ್ತರ: ಎರಡೂ ಬಗೆಯವರು ಯಶಸ್ವಿಯಾಗಿದ್ದಾರೆ, ಎರಡೂ ಬಗೆಯವರು ಎಡವಿದ್ದಾರೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ 1983ರ ಗ್ರಿಫಿತ್ಸ್ ವರದಿಯ ನಂತರ, ಎಲ್ಲರ ಒಮ್ಮತದಿಂದ ನಡೆಯುತ್ತಿದ್ದ ಆಡಳಿತದ ಜಾಗದಲ್ಲಿ ಹೊಣೆ ಹೊರುವ ವ್ಯವಸ್ಥಾಪಕರು ಬಂದರು. ಚಿಕಿತ್ಸೆಯ ಒಳಹೊರಗು ಬಲ್ಲವರಿಗೆ ವೈದ್ಯರ ನಂಬಿಕೆ ಬೇಗ ಸಿಗುತ್ತದೆ ಎನ್ನುವುದು ನಿಜ, ಆದರೆ ಒಳ್ಳೆಯ ವೈದ್ಯರನ್ನು ಒಂದು ದಿನದ ಸಿದ್ಧತೆಯೂ ಇಲ್ಲದೆ ಮುಖ್ಯಸ್ಥರ ಕುರ್ಚಿಗೆ ಏರಿಸುವುದು ಅವರಿಗೂ ಸಂಸ್ಥೆಗೂ ಅನ್ಯಾಯ. ನಿಮ್ಮ ಪ್ರಶ್ನೆಯಲ್ಲಿ ಶುಶ್ರೂಷಕರ ಹೆಸರೇ ಇಲ್ಲದಿರುವುದು ನನ್ನ ಗಮನ ಸೆಳೆಯಿತು. ಆರೋಗ್ಯ ಮತ್ತು ಸಾಮಾಜಿಕ ಸೇವೆಗಳಲ್ಲಿ ದುಡಿಯುವವರಲ್ಲಿ ಸುಮಾರು ಶೇಕಡ 70ರಷ್ಟು ಮಹಿಳೆಯರಾದರೂ ಉನ್ನತ ಹುದ್ದೆಗಳಲ್ಲಿ ಅವರ ಪಾಲು ಶೇಕಡ 25 ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ ಹೇಳಿದೆ. ಮುಖ್ಯಸ್ಥರನ್ನು ಹುಡುಕುವಾಗ ಆ ಕಡೆಗೂ ನೋಡಬೇಕು.

ಪ್ರಶ್ನೆ: ನಾನು ಸಮುದಾಯ ಆರೋಗ್ಯ ಕಾರ್ಯಕರ್ತೆ. ಮನೆಮನೆಗೆ ಹೋಗುವ ನಮ್ಮಂಥವರಿಗೆ ಮೇಲಕ್ಕೆ ಹೋಗುವ ದಾರಿ ಇದೆಯೇ? ನಮ್ಮನ್ನು ನೋಡಲು ಬರುವ ಮೇಲ್ವಿಚಾರಕರು ರಿಜಿಸ್ಟರ್ ಪರಿಶೀಲಿಸಿ ಸಹಿ ಹಾಕಿ ಹೋಗುತ್ತಾರೆ, ಅಷ್ಟೇ.

ಉತ್ತರ: ದಾರಿ ಇರಬೇಕು, ಮತ್ತು ಅದನ್ನು ಕೇಳುವುದು ನಿಮ್ಮ ಹಕ್ಕು. 1978ರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಹೊರಬಂದ ಆಲ್ಮಾ-ಆಟಾ ಘೋಷಣೆಯೇ ಪ್ರಾಥಮಿಕ ಆರೋಗ್ಯ ಸೇವೆಯಲ್ಲಿ ಸಮುದಾಯ ಕಾರ್ಯಕರ್ತರಿಗೆ ಸ್ಥಾನ ಕೊಟ್ಟಿತ್ತು. 2003ರಲ್ಲಿ ಆರಂಭವಾದ ಇಥಿಯೋಪಿಯದ ಕಾರ್ಯಕ್ರಮ ಸ್ಥಳೀಯ ಯುವತಿಯರನ್ನು ಆರಿಸಿ, ಒಂದು ವರ್ಷ ತರಬೇತಿ ಕೊಟ್ಟು, ಸಂಬಳದ ಸರ್ಕಾರಿ ನೌಕರರನ್ನಾಗಿ ಹಳ್ಳಿಗಳಿಗೆ ಕಳುಹಿಸಿತು. ಅಂಥವರ ಸಂಖ್ಯೆ 30,000 ದಾಟಿತು. ಗೌರವಧನದ ಮೇಲೆ ಸ್ವಯಂಸೇವಕಿಯರಂತೆ ದುಡಿಸಿಕೊಳ್ಳುವುದೊಂದೇ ಮಾರ್ಗವಲ್ಲ ಎಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯು ಲಿಖಿತ ಒಪ್ಪಂದ, ಕೆಲಸಕ್ಕೆ ತಕ್ಕ ಸಂಭಾವನೆ, ಬೆಂಬಲ ನೀಡುವ ಮೇಲ್ವಿಚಾರಣೆ, ಮುಂದಿನ ಹಂತಕ್ಕೆ ಏರುವ ಅವಕಾಶ ಇವೆಲ್ಲವನ್ನೂ ಶಿಫಾರಸು ಮಾಡುತ್ತದೆ. ಮಾಡಿದ ಕೆಲಸದ ಎಣಿಕೆಯ ಮೇಲೆಯೇ ಪೂರ್ತಿಯಾಗಿ ಅಥವಾ ಬಹುಪಾಲು ಸಂಭಾವನೆ ಕೊಡಬಾರದೆಂದೂ ಹೇಳುತ್ತದೆ. ನಿಮ್ಮ ಸಂಘದ ಮನವಿಯಲ್ಲಿ ಈ ಅಂಶಗಳನ್ನು ವರ್ಷದ ಸಮೇತ ಉಲ್ಲೇಖಿಸಿ.

ಮೇಲ್ವಿಚಾರಕರ ವಿಷಯಕ್ಕೆ ಬಂದರೆ, ಮುಂದಿನ ಸಲ ಅವರು ಬಂದಾಗ ರಿಜಿಸ್ಟರ್ ಕೈಗಿಡುವ ಮೊದಲು ನಿಮಗೆ ಕಷ್ಟವಾಗಿರುವ ಒಂದು ಮನೆಯನ್ನು ಹೆಸರಿಸಿ, ಜೊತೆಯಲ್ಲಿ ಬರುವಂತೆ ಕೇಳಿಕೊಳ್ಳಿ. ಲಸಿಕೆ ಬೇಡವೆನ್ನುವ ತಂದೆಯ ಮನೆಯಾಗಬಹುದು, ಕ್ಷಯದ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರ ಮನೆಯಾಗಬಹುದು. ಅಲ್ಲಿ ನೀವು ಮಾತನಾಡುವುದನ್ನು ಅವರು ಕೇಳಿಸಿಕೊಳ್ಳಲಿ, ಹೊರಬಂದ ಮೇಲೆ ಅವರಿಗೆ ತೋಚಿದ್ದನ್ನು ಹೇಳಲಿ. ಸಮಯವಿಲ್ಲವೆಂದರೆ ಬೇರೊಂದು ದಿನವನ್ನು ಆಗಲೇ ಗೊತ್ತು ಮಾಡಿಸಿಕೊಂಡು, ಅದನ್ನು ಸಹಿಯ ಪಕ್ಕದಲ್ಲೇ ಬರೆಯಿಸಿಕೊಳ್ಳಿ.