ಚಳ್ಳಕೆರೆಯ ಕತೆಗೆ ಸೈಬರ್‌ಪಂಕ್ ಹೊಂದುತ್ತದೆಯೇ?
ಚಳ್ಳಕೆರೆಯ ಕಾವಲು ಭೂಮಿಯ (ದನಕರು ಮೇಯಲೆಂದು ಕಾದಿಟ್ಟ ಹುಲ್ಲುಗಾವಲಿನ) ಬಗ್ಗೆ ವೈಜ್ಞಾನಿಕ ಕತೆ ಬರೆಯಲು ಸೈಬರ್‌ಪಂಕ್ ಸೂಕ್ತವೇ ಎಂದು ಕೇಳಿದ್ದೀರಿ. ಅಲ್ಲವೆಂದೇ ನನ್ನ ಅಭಿಪ್ರಾಯ. 1980ರ ದಶಕದಲ್ಲಿ ರೂಪುಗೊಂಡ ಆ ಪ್ರಕಾರದ ಆಸಕ್ತಿ ಇರುವುದು ಮಹಾನಗರ, ಬೃಹತ್ ಕಂಪನಿಗಳ ಹಿಡಿತ ಮತ್ತು ಯಂತ್ರದೊಡನೆ ಬೆಸೆದುಕೊಂಡ ದೇಹದಲ್ಲಿ. ದಾವಣಗೆರೆಯ ಮುಚ್ಚಿದ ಹತ್ತಿ ಗಿರಣಿಗಳ ಕತೆಗಾದರೆ ಅದು ಒಗ್ಗೀತು. ಕುರಿ, ಅಮೃತಮಹಲ್ ದನ ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ 2017ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಗಿರುವಾಗ, ಮಳೆ, ಮೇವು ಮತ್ತು ಬೇಲಿಗಳ ನಡುವೆ ಬದುಕು ಹೇಗೆ ಬದಲಾಗುತ್ತದೆಂದು ಕೇಳುವ ಹವಾಮಾನ ಕಥನವೇ ಹೆಚ್ಚು ಹೊಂದುತ್ತದೆ. ಸೃಜನಶೀಲತೆ ಎಂದರೇನೆಂಬುದನ್ನೂ ಕತೆಯಲ್ಲಿ ಶೋಧಿಸಬೇಕೆಂದಿದ್ದರೆ, ಕಂಬಳಿ ನೇಯುವವರ ಕೈಚಳಕವನ್ನು ಯಂತ್ರವೊಂದು ಕಲಿತ ಮೇಲೆ ಮೂಡುವ ಹೊಸ ವಿನ್ಯಾಸ ಯಾರದ್ದೆಂಬ ಜಗಳವನ್ನು ಕತೆಯ ನಡುವೆ ತನ್ನಿ. ಬಾಹ್ಯಾಕಾಶ ಸಾಹಸವನ್ನು ಬಿಟ್ಟುಬಿಡಿ. ಉಡಾವಣೆಗಳು ಶ್ರೀಹರಿಕೋಟದಲ್ಲೇ ನಡೆಯಲಿ.